ಮನೆಯ ಯಜಮಾನಿ ಯಾರು? ಗೃಹಲಕ್ಷ್ಮಿ, ದೇವದಾಸಿ ಕಾಯ್ದೆ ಮತ್ತು ಸರ್ಕಾರ ಎಣಿಸುವ ಕುಟುಂಬ

ತುಪ್ಪರಿಹಳ್ಳ (ಧಾರವಾಡ)

ಪಕ್ಷದ ಜಗಳಕ್ಕೆ ಈ ಚರ್ಚೆ ತೆರೆದಿಲ್ಲ. ನನ್ನನ್ನು ಎರಡು ವರ್ಷದಿಂದ ಕಾಡುತ್ತಿರುವುದು ಒಂದೇ ಶಬ್ದ: ಯಜಮಾನಿ.

ನಮ್ಮ ಮನೆಯ ರೇಷನ್ ಕಾರ್ಡಿನಲ್ಲಿ ಮೊದಲು ಮಾವನವರ ಹೆಸರಿತ್ತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೇ ಕಲಮು ಬಂತು. 18 ತುಂಬಿದ ಹೆಂಗಸರಲ್ಲಿ ಹಿರಿಯಳೇ ಕಾರ್ಡಿನ ಮಟ್ಟಿಗೆ ಮನೆಯ ಮುಖ್ಯಸ್ಥೆ ಎಂದಾಯಿತು, ಅತ್ತೆಯ ಹೆಸರು ಮೇಲೆ ಹೋಯಿತು. ಆಗ ಮನೆಯಲ್ಲಿ ಯಾರೂ ಅದರ ಬಗ್ಗೆ ಮಾತೇ ಆಡಲಿಲ್ಲ. ಅಕ್ಕಿ ಅದೇ, ತರುವವರೂ ಅವರೇ. ಹತ್ತು ವರ್ಷದ ಮೇಲೆ, 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾದಾಗ, ಯಾರೂ ಓದದ ಆ ಒಂದು ಸಾಲಿಗೆ ತಿಂಗಳಿಗೆ 2,000 ರೂಪಾಯಿ ಬೆಲೆ ಬಂತು. ಅವತ್ತಿನಿಂದ ನಮ್ಮ ಓಣಿಯ ಪ್ರತಿ ಮನೆಯಲ್ಲೂ "ಯಜಮಾನಿ ಯಾರು" ಅನ್ನುವುದು ಬಾಯಿಬಿಟ್ಟು ಕೇಳುವ ಪ್ರಶ್ನೆಯಾಯಿತು.

ಯೋಜನೆ ನಡೆಸುವ ಇಲಾಖೆಯ ಹೆಸರನ್ನೊಮ್ಮೆ ಪೂರ್ತಿ ಓದಿ: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ. ಮನೆಯೊಳಗೆ ಯಾರ್‍ಯಾರ ಮಾತು ನಡೆಯುವುದಿಲ್ಲವೋ ಅವರನ್ನೆಲ್ಲ ಒಬ್ಬ ಸಚಿವರ ಮಡಿಲಿಗೆ ಹಾಕಿದ ಹಾಗಿದೆ. 2023ರ ಮೇ ತಿಂಗಳಲ್ಲಿ ಆ ಹೊಣೆ ಲಕ್ಷ್ಮೀ ಹೆಬ್ಬಾಳಕರ ಅವರಿಗೆ ಬಂತು. ಆಗ 34 ಜನರ ಸಂಪುಟದಲ್ಲಿ ಅವರೊಬ್ಬರೇ ಹೆಣ್ಣುಮಗಳು. ಇದು ನನಗೆ ಇವತ್ತಿಗೂ ನೋವಿನ ಸಂಗತಿ.

ನನ್ನ ಪ್ರಶ್ನೆ ಎರಡು. ಈ ಇಲಾಖೆಯ ಕೆಲಸ ನಿಮ್ಮ ಮನೆಯೊಳಗೆ ಏನು ಬದಲಿಸಿತು? ಅದು ಎಣಿಸುವ "ಕುಟುಂಬ"ದ ಹೊರಗೆ ಯಾರು ಉಳಿದರು?

ಕಪಿಲೆದಡ (ತಿ. ನರಸೀಪುರ)

ಮೊದಲ ಪ್ರಶ್ನೆಗೆ ನನ್ನ ಉತ್ತರ ನಮ್ಮವ್ವನ ಕನ್ನಡಕ.

ಅವ್ವನಿಗೆ ಐದಾರು ವರ್ಷದಿಂದ ಅಕ್ಕಿ ಆರಿಸಕ್ಕೆ ಕಾಣ್ತಿರಲಿಲ್ಲ. "ಅಷ್ಟು ದುಡ್ಡು ಯಾಕೆ, ಅಂದಾಜಿನಲ್ಲಿ ಆರಿಸ್ತೀನಿ ಬಿಡು" ಅನ್ನೋಳು. ನಾನು ಕೊಡಿಸ್ತೀನಿ ಅಂದರೂ ಬೇಡ. ಮೂರನೇ ಕಂತು ಬಂದ ವಾರ ಯಾರಿಗೂ ಹೇಳದೆ ಬಸ್ಸು ಹತ್ತಿ ಮೈಸೂರಿಗೆ ಹೋಗಿ ಮಾಡಿಸ್ಕೊಂಡು ಬಂದಿದ್ಳು. ಬಸ್ಸಿಗೂ ಕಾಸಿಲ್ಲ, ಶಕ್ತಿ ಯೋಜನೆ ಆವತ್ತಿಗೆ ಶುರುವಾಗಿ ಆರು ತಿಂಗಳೂ ಆಗಿರಲಿಲ್ಲ. ಅಪ್ಪ "ಕೇಳಿದ್ರೆ ಕೊಡ್ತಿರಲಿಲ್ವಾ?" ಅಂದರು. ಅವ್ವ ಹೇಳಿದ್ದು: "ಕೇಳೋದು ಬ್ಯಾಡ ಅಂತಾನೇ ಹೋಗಿದ್ದು."

ಅರವತ್ತೆರಡು ವರ್ಷದ ಹೆಂಗಸಿನ ಬಾಯಲ್ಲಿ ಈ ಮಾತು ಬಂದದ್ದು ನಂಗೆ ಸಣ್ಣ ವಿಷಯ ಅಲ್ಲ.

ಲೆಕ್ಕದಮೇಷ್ಟ್ರು (ತುಮಕೂರು)

ಕನ್ನಡಕದ ಕಥೆ ಓದಿ ಸಂತೋಷವಾಯಿತು. ಆದರೂ ಲೆಕ್ಕ ನೋಡಲೇಬೇಕು. 1.2 ಕೋಟಿಗೂ ಹೆಚ್ಚು ಫಲಾನುಭವಿಗಳು. 2024-25ರ ಬಜೆಟ್ಟಿನಲ್ಲಿ ಈ ಒಂದೇ ಯೋಜನೆಗೆ 28,608 ಕೋಟಿ ರೂಪಾಯಿ, 2025-26ಕ್ಕೂ ಅಷ್ಟೇ. ಆದಾಯ ತೆರಿಗೆ ಕಟ್ಟುವವರು, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರನ್ನು ಬಿಟ್ಟರೆ ಎಪಿಎಲ್ ಕಾರ್ಡಿನವರಿಗೂ ಇದೆ. ತೋಟ, ಟ್ರ್ಯಾಕ್ಟರ್ ಇರುವ ಮನೆಗೂ ಅದೇ 2,000, ಕೂಲಿ ಮಾಡುವ ಮನೆಗೂ ಅದೇ 2,000.

ಇನ್ನೊಂದು ನಂಬಿಕೆಯ ವಿಷಯ. 2025ರ ಫೆಬ್ರವರಿ, ಮಾರ್ಚ್ ಕಂತುಗಳು ಬಂದೇ ಇಲ್ಲ ಎಂದು ಜನ ಹೇಳುತ್ತಲೇ ಇದ್ದರು. ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ವಿರೋಧ ಪಕ್ಷ ಪಟ್ಟು ಹಿಡಿದ ಮೇಲೆ ಸಚಿವರು ಕಂತುಗಳು ಸಂದಿವೆ ಎಂದು ಸದನಕ್ಕೆ ಕೊಟ್ಟ ಮಾಹಿತಿಯ ಬಗ್ಗೆ ವಿಷಾದ ಹೇಳಬೇಕಾಯಿತು. ವಿಷಾದ ಹೇಳಿದ್ದು ಒಳ್ಳೆಯದೇ. ಆದರೆ ತಿಂಗಳ ಲೆಕ್ಕದಲ್ಲಿ ಬದುಕುವವಳಿಗೆ ದುಡ್ಡು ಬರುವ ದಿನ ಗೊತ್ತಿರಬೇಕು. ಮೂರು ತಿಂಗಳದ್ದು ಒಟ್ಟಿಗೆ ಬಂದರೆ ಅಷ್ಟರಲ್ಲಿ ಮಾಡಿದ ಕೈಸಾಲದ ಬಡ್ಡಿಗೇ ಅದು ಹೋಗುತ್ತದೆ.

ಕಪಿಲೆದಡ (ತಿ. ನರಸೀಪುರ)

ಮೇಷ್ಟ್ರೇ, ತಡದ ವಿಷಯದಲ್ಲಿ ನೂರಕ್ಕೆ ನೂರು ಒಪ್ತೀನಿ. ಎಪಿಎಲ್ ಮಾತು ಮಾತ್ರ ಒಪ್ಪಲ್ಲ. ತೋಟ ಇರೋ ಮನೆ ಹೆಂಗಸಿನ ಕೈಯಲ್ಲಿ ಕಾಸಿರುತ್ತೆ ಅಂತ ಯಾರು ಹೇಳಿದ್ದು? ತೋಟ ಯಾರ ಹೆಸರಲ್ಲಿರುತ್ತೆ ನೋಡಿ.

ಅರಬ್ಬೀತೀರ (ಉಡುಪಿ)

"ಯಜಮಾನಿ" ಎಂಬ ಶಬ್ದ ಕೇಳಿದ ಕೂಡಲೇ ನನಗೆ ನಮ್ಮ ಕಡೆಯದ್ದು ನೆನಪಾಯಿತು, ಸ್ವಲ್ಪ ದಾರಿ ಬಿಟ್ಟು ಹೋದರೆ ಕ್ಷಮಿಸಿ.

ಅಳಿಯಕಟ್ಟಿನ ಕುಟುಂಬಗಳಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುವುದು. ಕುಟುಂಬ ನೋಡಿಕೊಳ್ಳುವವ ಯಜಮಾನ, ಹೆಂಗಸಾದರೆ ಯಜಮಾನ್ತಿ. 1949ರ ಮದರಾಸು ಅಳಿಯಸಂತಾನ ಕಾಯ್ದೆಯ ಕಾಲಕ್ಕೂ ಈ ಶಬ್ದಗಳೇ ಕಾಗದದಲ್ಲಿ ಇದ್ದವು. ಆದರೆ ನಮ್ಮ ಅಜ್ಜಿಯ ಮನೆಯಲ್ಲಿ ಗೇಣಿ ಅಕ್ಕಿ ಅಳೆಸುವುದು, ಕೋರ್ಟಿಗೆ ಹೋಗುವುದು, ಮದುವೆ ನಿಶ್ಚಯ ಮಾಡುವುದು ಎಲ್ಲ ಅಜ್ಜಿಯ ಅಣ್ಣನೇ. ಕುಟುಂಬ ಹೆಣ್ಣಿನದ್ದು, ಬೀಗದ ಕೈ ಗಂಡಿನದ್ದು.

ಆದ್ದರಿಂದ ಕಾಗದದಲ್ಲಿ ಹೆಸರು ಬಂದ ಕೂಡಲೇ ಅಧಿಕಾರ ಬಂತು ಎಂದು ನಾನು ನಂಬುವುದಿಲ್ಲ. ಆದರೆ ಒಂದು ವ್ಯತ್ಯಾಸ ಉಂಟು. ಈಗ ಹೆಸರಿನ ಜೊತೆ ಬ್ಯಾಂಕ್ ಖಾತೆಯೂ ಅವಳದ್ದೇ, ಆಧಾರ್ ಜೋಡಣೆಯೂ ಅವಳದ್ದೇ. ನಮ್ಮ ಅಜ್ಜಿಗೆ ಅದು ಇರಲಿಲ್ಲ.

ಕೃಷ್ಣಾಕೊಳ್ಳದ ಸೊಸಿ (ಜಮಖಂಡಿ)

ಗೃಹಲಕ್ಷ್ಮಿ ರೊಕ್ಕ ನಮ್ಮ ಅತ್ತಿಯವ್ರಿಗೆ ಬರ್ತದ. ನನಗ ಬರೂದಿಲ್ಲ. ಹೊಲದಾಗ ನಾನೂ ದುಡೀತೀನಿ, ಅಡಗಿ ನಾನ ಮಾಡ್ತೀನಿ, ಮೂರು ಮಕ್ಕಳ್ನ ನಾನ ಸಾಕ್ತೀನಿ. ಅತ್ತಿ ಕೆಟ್ಟಾಕಿ ಅಲ್ರಿ, ಹಬ್ಬಕ್ಕ ನನಗ ಸೀರಿ ತಂದ್ಲು. ಆದರ ಅದು ಆಕಿ ಕೊಟ್ಟಿದ್ದು.

ದೂರದೂರಿನವ (ಚೆನ್ನೈ)

ಜಮಖಂಡಿ ಅಕ್ಕ ಹೇಳಿದ ಆ ಕೊನೇ ಸಾಲು ಇಡೀ ಚರ್ಚೆಯ ಗಂಟು. ಬೇರೆ ರಾಜ್ಯಗಳು ಇದನ್ನು ಹೇಗೆ ಬಿಡಿಸಿವೆ ನೋಡಿ.

ಪಶ್ಚಿಮ ಬಂಗಾಳದಲ್ಲಿ 2021ರಿಂದ ನಡೆಯುವ ಲಕ್ಷ್ಮೀರ್ ಭಂಡಾರ್ ಮನೆಯನ್ನು ಎಣಿಸುವುದಿಲ್ಲ, ಹೆಂಗಸನ್ನು ಎಣಿಸುತ್ತದೆ. 25ರಿಂದ 60 ವರ್ಷದೊಳಗಿನ ಅತ್ತೆಗೂ ಬರಬಹುದು, ಸೊಸೆಗೂ ಬರಬಹುದು. ಮೊತ್ತ ನಮ್ಮದಕ್ಕಿಂತ ಕಡಿಮೆ, ಶುರುವಿನಲ್ಲಿ ಸಾಮಾನ್ಯ ವರ್ಗಕ್ಕೆ 500, ಪರಿಶಿಷ್ಟರಿಗೆ 1,000 ಇತ್ತು. ಮಹಾರಾಷ್ಟ್ರ 2024ರಲ್ಲಿ ತಂದ ಲಾಡಕಿ ಬಹೀಣ್ ಯೋಜನೆಗೂ ವಯಸ್ಸಿನ ಮಿತಿಯೇ ಆಧಾರ, 21ರಿಂದ 65, ತಿಂಗಳಿಗೆ 1,500.

ಇಲ್ಲಿ ತಮಿಳುನಾಡಿನಲ್ಲಿ ನಮ್ಮ ಹಾಗೆಯೇ ಕಾರ್ಡಿಗೆ ಒಬ್ಬಳು. 2023ರ ಸೆಪ್ಟೆಂಬರ್ 15ಕ್ಕೆ ಶುರು, 1,000 ರೂಪಾಯಿ, ಮನೆಯ ಆದಾಯ ವರ್ಷಕ್ಕೆ 2.5 ಲಕ್ಷ ಮೀರಬಾರದು. ನನಗೆ ಇಷ್ಟವಾಗುವುದು ಅದರ ಹೆಸರು. ಮಗಳಿರ್ ಉರಿಮೈ ತೊಗೈ. ಉರಿಮೈ ಎಂದರೆ ಹಕ್ಕು. ನನ್ನ ಪಕ್ಕದ ಮನೆಯ ಹೂ ಕಟ್ಟುವಾಕೆ "ನನ್ನ ಉರಿಮೈ ಬಂತು" ಎನ್ನುತ್ತಾಳೆ, ಸಂಬಳ ಬಂತು ಎನ್ನುವ ಧಾಟಿಯಲ್ಲಿ. ನಮ್ಮಲ್ಲಿ ಲಕ್ಷ್ಮಿ. ಲಕ್ಷ್ಮಿ ಎಂದರೆ ಮನೆಗೆ ಬಂದವಳು, ಒಲಿದವಳು. ಹಕ್ಕು ಕೇಳುವವಳ ಚಿತ್ರ ಆ ಶಬ್ದದಲ್ಲಿ ನನಗಂತೂ ಮೂಡುವುದಿಲ್ಲ.

ಲೆಕ್ಕದಮೇಷ್ಟ್ರು (ತುಮಕೂರು)

ಪ್ರತಿ ಹೆಂಗಸಿಗೂ ಕೊಡುವುದಾದರೆ 2,000 ಕೊಡಲಾಗದು, ಅದು ಖಚಿತ. ಅದೇ ದುಡ್ಡನ್ನು ಹೆಚ್ಚು ಜನರಿಗೆ ಹಂಚಬೇಕಾಗುತ್ತದೆ. ಆದರೆ ಚೆನ್ನೈಯವರ ಮಾತು ಯೋಚಿಸುವಂತಿದೆ. ನಾನು ಇದುವರೆಗೆ ಕೇಳುತ್ತಿದ್ದದ್ದು "ಯಾವ ಮನೆಗೆ ಕೊಡಬೇಕು" ಎಂಬ ಪ್ರಶ್ನೆ ಮಾತ್ರ.

ತುಂಗೆಯ ಈಚೆ (ಶಿವಮೊಗ್ಗ)

ಎರಡನೇ ಪ್ರಶ್ನೆಗೆ ನಾನೇ ಉತ್ತರ.

ಗಂಡನ ಮನೆ ಬಿಟ್ಟು ಏಳು ವರ್ಷವಾಯಿತು. ವಿಚ್ಛೇದನ ಆಗಿಲ್ಲ, ಆಗಲು ಅವರು ಬಿಡುತ್ತಿಲ್ಲ. ನನ್ನ ಹೆಸರು ಇನ್ನೂ ಅವರ ಕಾರ್ಡಿನಲ್ಲಿದೆ. ಆ ಕಾರ್ಡಿನ ಯಜಮಾನಿ ಅವರಮ್ಮ. ನನ್ನದೇ ಕಾರ್ಡು ಬೇಕೆಂದರೆ ಅಲ್ಲಿಂದ ಹೆಸರು ತೆಗೆಸಬೇಕು, ತೆಗೆಸಲು ಆ ಕಾರ್ಡು ಬೇಕು. ಮನಸ್ವಿನಿ ಪಿಂಚಣಿ ಎಂಬುದೊಂದಿದೆ, ತಿಂಗಳಿಗೆ 800, ಅದು 40ರಿಂದ 64 ವರ್ಷದ ಅವಿವಾಹಿತರಿಗೆ ಮತ್ತು ವಿಚ್ಛೇದಿತರಿಗೆ. ನನಗೆ 36. ನಾನು ಅವಿವಾಹಿತೆಯೂ ಅಲ್ಲ, ಕಾಗದದಲ್ಲಿ ವಿಚ್ಛೇದಿತೆಯೂ ಅಲ್ಲ.

ಬಾಡಿಗೆ, ಮಗಳ ಫೀಸು, ಗ್ಯಾಸು ಎಲ್ಲ ನಾನೇ ಕಟ್ಟುತ್ತೇನೆ. ಈ ರಾಜ್ಯದಲ್ಲಿ ನನಗಿಂತ ಪೂರ್ತಿ ಯಜಮಾನಿ ಯಾರಿದ್ದಾರೆ ಹೇಳಿ.

ಅಂಗನವಾಡಿ ಟೀಚರ್ (ಹಾವೇರಿ ಜಿಲ್ಲೆ)

ಶಿವಮೊಗ್ಗ ತಂಗಿ, ನಿಮ್ಮಂಥವರು ನನ್ನ ಕೇಂದ್ರದ ವ್ಯಾಪ್ತಿಯಲ್ಲೇ ನಾಲ್ಕು ಮಂದಿ ಅದಾರ.

ಊರಲ್ಲಿ ಸರ್ಕಾರ ಅಂದ್ರೆ ನಾವೇ. ದುಡ್ಡು ಬರಲಿಲ್ಲ ಅಂದ್ರೆ ನಮ್ಮ ಬಾಗಿಲಿಗೇ ಬರ್ತಾರ. ಆಧಾರ್ ಜೋಡಣೆ ಆಗಿಲ್ಲ, ಹೆಸರಿನ ಅಕ್ಷರ ತಪ್ಪೈತಿ, ಯಜಮಾನಿ ತೀರಿಕೊಂಡಾರ, ಎಲ್ಲಾ ನಾವೇ ಬಿಡಿಸಿ ಹೇಳಬೇಕು. ಹೋದ ವರ್ಷ ಒಬ್ಬ ಹಿರಿಯರು ಬಂದು ಕುಂತರು. ಹೆಂಡತಿ ತೀರಿ ಎರಡು ತಿಂಗಳು. "ಇನ್ನ ನಮ್ಮನಿಗೆ ಬರೂದಿಲ್ಲೇನ್ರಿ ಅಕ್ಕಾರ?" ಅಂತ ಕೇಳಿದರು. ಮನಿಯಾಗ ಬೇರೆ ಹೆಣ್ಣುಮಗಳಿಲ್ಲ. ಇಲ್ಲ ಅಂತ ಹೇಳಬೇಕಾತು. ಅವರು ದುಡ್ಡಿಗೆ ಅತ್ತರೋ ಹೆಂಡತಿಗೆ ಅತ್ತರೋ ನನಗ ತಿಳೀಲಿಲ್ಲ.

ನಮ್ಮ ಇಲಾಖೆಯ ಬೇರು ಈ ಯೋಜನೆಗಿಂತ ಬಾಳ ಆಳ ಐತಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಐಸಿಡಿಎಸ್, ಅಂದ್ರೆ ಅಂಗನವಾಡಿ ನಡೆಸೋ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಶುರುವಾದಾಗ ಕರ್ನಾಟಕದ ಮೊದಲ ಕೇಂದ್ರಗಳು ತಿ. ನರಸೀಪುರದಾಗ ಆದವು. ಐವತ್ತು ವರ್ಷದ ಮೇಲೂ ನಮ್ಮನ್ನ "ಗೌರವಧನ"ದವರು ಅಂತಾರ, ನೌಕರರು ಅನ್ನೂದಿಲ್ಲ. ಸಮಾನತೆ ಮಾತು ಬಂದಾಗ ಆ ಸಮಾನತೆಯ ಕೆಲಸ ಮಾಡೋ ಕೈಗಳನ್ನೂ ನೆನೆಸ್ರಿ.

ಒಂಬತ್ತನೇ ಕ್ಲಾಸಿನ ಬೆಂಚು (ಬಾಗಲಕೋಟೆ ಜಿಲ್ಲೆ, ಈಗ ಪುಣೆ)

ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ನಮ್ಮವ್ವನಿಗೆ ಎಂಟನೇ ವರ್ಷಕ್ಕೆ ಮುತ್ತು ಕಟ್ಟಿದರು, ಅಂದರೆ ದೇವದಾಸಿ ಮಾಡಿದರು. ಮನೆಯಲ್ಲಿ ಗಂಡು ಇರಲಿಲ್ಲ, ಅಜ್ಜನಿಗೆ ರೋಗ, ಯಲ್ಲಮ್ಮನಿಗೆ ಹರಕೆ. 1982ರ ದೇವದಾಸಿ ನಿಷೇಧ ಕಾಯ್ದೆ ಬಂದು ಆಗಲೇ ಮೂರು ವರ್ಷ ಆಗಿತ್ತು. ಊರಿನಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ, ಗೊತ್ತಿದ್ದವರು ಸುಮ್ಮನಿದ್ದರು.

ಒಂಬತ್ತನೇ ತರಗತಿಗೆ ಬೇರೆ ಶಾಲೆ ಸೇರಿದಾಗ ಅರ್ಜಿಯಲ್ಲಿ "ತಂದೆಯ ಹೆಸರು" ಅನ್ನುವ ಸಾಲು ಖಾಲಿ ಬಿಟ್ಟಿದ್ದೆ. ತರಗತಿಯ ಎದುರಿಗೆ ನಿಲ್ಲಿಸಿ ಕೇಳಿದರು. ಅವ್ವನ ಹೆಸರು ಹೇಳಿದೆ. ಹಿಂದಿನ ಬೆಂಚಿನವರು ನಕ್ಕರು. ಆ ಸಾಲಿನಲ್ಲಿ ಮಾವನ ಹೆಸರು ಬರೆದುಕೊಂಡರು. ಇವತ್ತಿಗೂ ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ತಾಯಿಯ ತಮ್ಮನೇ ನನ್ನ ತಂದೆ.

ಇಲ್ಲಿ ಎಲ್ಲರೂ ಗೃಹಲಕ್ಷ್ಮಿ ಬಗ್ಗೆ ಬರೆದಿದ್ದೀರಿ. ನನ್ನ ಮಟ್ಟಿಗೆ ಈ ಇಲಾಖೆಯ ದೊಡ್ಡ ಕೆಲಸ ಬೇರೆ. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಮಸೂದೆ. ದೇವದಾಸಿ ತಾಯಿಯ ಮಕ್ಕಳಿಗೆ ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯಲೇಬೇಕೆಂದು ಒತ್ತಾಯಿಸುವಂತಿಲ್ಲ. ತಂದೆ ಯಾರೆಂದು ಗುರುತಿಸಿ ಎಂದು ಕೇಳುವ ಹಕ್ಕೂ ಮಗುವಿಗಿದೆ, ಗುರುತಾದರೆ ಅವನ ಆಸ್ತಿಯಲ್ಲಿ ಪಾಲೂ ಇದೆ. ಹಳೆಯ ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧ ಎಂದಿತು, ಕಟ್ಟಿಸಿಕೊಂಡವಳೂ ಅದರಲ್ಲಿ ತಪ್ಪಿತಸ್ಥೆಯ ಸಾಲಿನಲ್ಲಿ ನಿಂತಳು. ಅವಳ ಮಕ್ಕಳು ಯಾರು, ಅವರಿಗೆ ಏನು ಸಲ್ಲಬೇಕು ಎಂಬುದನ್ನು ಅದು ಕೇಳಿರಲಿಲ್ಲ.

ಆ ಸುದ್ದಿ ಬಂದ ದಿನ ನಾನು ಪುಣೆಯಲ್ಲಿ ಕೆಲಸದ ಮೇಲಿದ್ದೆ. ಅವ್ವನಿಗೆ ಫೋನು ಮಾಡಿ ಓದಿ ಹೇಳಿದೆ. ಅವ್ವ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಊಟ ಮಾಡಿದೇನು?" ಅಂದಳು.

ಕೃಷ್ಣಾಕೊಳ್ಳದ ಸೊಸಿ (ಜಮಖಂಡಿ)

ಅಣ್ಣಾ, ನೀವು ಬರದಿದ್ದು ಚೊಲೋ ಆತು.

ಕರಿಕೋಟು (ಕಲಬುರಗಿ, ವಕೀಲೆ)

ಬೆಂಚಿನವರ ಮಾತಿಗೆ ಹಿನ್ನೆಲೆ ಸೇರಿಸುತ್ತೇನೆ. ನಮ್ಮ ಈಗಿನ ಜಿಲ್ಲೆಗಳಿಗೆ ಈ ಕಾನೂನು ಹೊಸದಲ್ಲ. ಬೆಳಗಾವಿ, ವಿಜಯಪುರ, ಧಾರವಾಡದ ಕಡೆ ಮುಂಬೈ ಪ್ರಾಂತ್ಯದ 1934ರ ಕಾಯ್ದೆ ಇತ್ತು. ಬಳ್ಳಾರಿ ಕಡೆ ಮದರಾಸಿನ 1947ರ ಕಾಯ್ದೆ, ಅದರ ಹಿಂದೆ ಮದರಾಸಿನ ವೈದ್ಯೆ, ಶಾಸಕಿ ಮುತ್ತುಲಕ್ಷ್ಮಿ ರೆಡ್ಡಿಯವರ ವರ್ಷಗಟ್ಟಲೆಯ ಹೋರಾಟ. ಆಮೇಲೆ ಕರ್ನಾಟಕದ್ದೇ 1982ರದ್ದು. ಮೂರೂ ನಿಷೇಧದ ಕಡೆಗೆ ಮುಖ ಮಾಡಿದವು. 2025ರದ್ದು ತಡೆ, ನಿಷೇಧ, ಪರಿಹಾರ, ಪುನರ್ವಸತಿ ನಾಲ್ಕನ್ನೂ ಹೆಸರಿನಲ್ಲೇ ಇಟ್ಟುಕೊಂಡಿದೆ. ದೇವದಾಸಿ ತಾಯಂದಿರು ಮತ್ತು ಅವರ ಮಕ್ಕಳ ಸಂಘಟನೆಗಳೇ ವರ್ಷಗಟ್ಟಲೆ ಕೂತು ಚರ್ಚಿಸಿ ಒತ್ತಾಯಿಸಿದ ಫಲ ಇದು, ಸಚಿವರು ಮತ್ತು ಇಲಾಖೆ ಅದನ್ನು ಸದನಕ್ಕೆ ತಂದು ದಾಟಿಸಿದರು. ಇಬ್ಬರ ಪಾಲನ್ನೂ ಹೇಳಬೇಕು.

ನನ್ನ ಆತಂಕ ಎಣಿಕೆಯದು. 2007-08ರ ಸಮೀಕ್ಷೆಯಲ್ಲಿ 46,660 ಮಂದಿಯನ್ನು ಗುರುತಿಸಿದ್ದರು. ಪಿಂಚಣಿ, ಮನೆ, ಸಾಲ ಎಲ್ಲ ಆ ಪಟ್ಟಿಗೆ. ನಿಷೇಧದ ನಂತರ ಮುತ್ತು ಕಟ್ಟಿಸಿಕೊಂಡವರನ್ನು ಪಟ್ಟಿಗೆ ಸೇರಿಸಲು ಹಿಂಜರಿದರು. ಕಾಯ್ದೆ ಬಂದ ಮೇಲೆ ಪದ್ಧತಿಯೇ ಇಲ್ಲ ಎಂಬ ವಾದ. ಹಾಗಾಗಿ ಯಾರ ಮೇಲೆ ಕಾನೂನುಬಾಹಿರವಾಗಿ ಅನ್ಯಾಯ ನಡೆಯಿತೋ ಅವರೇ ಲೆಕ್ಕದ ಹೊರಗೆ. 2025ರಲ್ಲಿ ಮರುಸಮೀಕ್ಷೆ ಕೈಗೆತ್ತಿಕೊಂಡಿದ್ದಾರೆ. ಪಿಂಚಣಿಯನ್ನು 2025-26ರ ಬಜೆಟ್ಟಿನಲ್ಲಿ 1,500ರಿಂದ 2,000ಕ್ಕೆ ಏರಿಸಿದರು. ಹೆಸರು ಪಟ್ಟಿಯಲ್ಲಿಲ್ಲದವಳಿಗೆ ಅದು ಎಷ್ಟಕ್ಕೇರಿದರೂ ಸೊನ್ನೆಯೇ.

ಚೌಡಿಕೆ (ಕೊಪ್ಪಳ)

ಮರುಸಮೀಕ್ಷೆ ಅಂದ್ರಲ್ಲ, ಅದರ ಜೊತೆಗೇ ನಮ್ಮಂಥ ಲಿಂಗತ್ವ ಅಲ್ಪಸಂಖ್ಯಾತರದ್ದೂ ನಡೀತು. ನಾನು ಜೋಗತಿ. ತೃತೀಯ ಲಿಂಗವನ್ನ ಒಪ್ಪಿದ 2014ರ ಸುಪ್ರೀಂ ಕೋರ್ಟ್ ತೀರ್ಪು ನನ್ನನ್ನ ನಾನು ಅಂದಿತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ನಮಗೆ ಶೇ 1ರ ಮೀಸಲು ಕೊಟ್ಟ ಮೊದಲ ರಾಜ್ಯ ನಮ್ಮದು, ಅದು ನನಗೆ ಹೆಮ್ಮೆ. ಶಕ್ತಿ ಬಸ್ಸು ನಮಗೂ ಐತಿ.

ಆದರೆ ಕುಟುಂಬ? ನನ್ನನ್ನ ಹೆತ್ತವರು ಹದಿನಾರಕ್ಕೆ ಹೊರಗೆ ಹಾಕಿದರು. ಸಾಕಿದ್ದು ಗುರುವಮ್ಮ. ಅವರಿಗೆ ಪಾರ್ಶ್ವವಾಯು ಬಡಿದಾಗ ಒಂದೂವರೆ ವರ್ಷ ಉಣಿಸಿ ತೊಳೆದವಳು ನಾನು. ಆಸ್ಪತ್ರೆಯ ಚೀಟಿಯಲ್ಲಿ "ಸಂಬಂಧ" ಅನ್ನೋ ಜಾಗದಲ್ಲಿ ಏನು ಬರೀಬೇಕು ಅಂತ ಕೇಳಿದರು. ಮಗಳು ಅಂದೆ. ನನ್ನ ಮುಖ ನೋಡಿದರು, ಬರೆಯಲಿಲ್ಲ. ಗುರು ಚೇಲಾ ಒಂದೇ ಒಲೆಯಲ್ಲಿ ಉಂಡು ನಲವತ್ತು ವರ್ಷ ಬಾಳಿದರೂ ರೇಷನ್ ಕಾರ್ಡಿಗೆ ನಾವು ಕುಟುಂಬ ಅಲ್ಲ.

ಹಾಲುಗೆನ್ನೆ (ಬೆಂಗಳೂರು)

ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ, ಹನ್ನೊಂದು ವರ್ಷ. ಇಂಥ ಮಕ್ಕಳನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ಭತ್ಯೆ ಎಂದು 2024-25ರ ಬಜೆಟ್ಟಿನಲ್ಲಿ ಓದಿದಾಗ ಅಡುಗೆಮನೆಯಲ್ಲಿ ನಿಂತೇ ಅತ್ತುಬಿಟ್ಟೆ. ಮೊತ್ತಕ್ಕಲ್ಲ. ಕೆಲಸ ಬಿಟ್ಟು ಹನ್ನೊಂದು ವರ್ಷ ನಾನು ಮಾಡಿದ್ದನ್ನು ಸರ್ಕಾರದ ಒಂದು ಕಾಗದ ಮೊದಲ ಸಲ "ಆರೈಕೆ" ಎಂದು ಕರೆದಿತ್ತು. ಅದಕ್ಕೆ ಮೊದಲು ಎಲ್ಲರೂ ಅದನ್ನು ಹಣೆಬರಹ ಎನ್ನುತ್ತಿದ್ದರು.

ತುಪ್ಪರಿಹಳ್ಳ (ಧಾರವಾಡ)

ಎಲ್ಲವನ್ನೂ ಓದಿದೆ, ಕೆಲವನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಜಮಖಂಡಿ ಅಕ್ಕನ "ಅದು ಆಕಿ ಕೊಟ್ಟಿದ್ದು" ಕೇಳಿ ಅವರು ನನ್ನ ಕಡೆ ನೋಡಿದರು, ನಾನೇ ಹಾಗೆ ಬರೆದೆನೇನೋ ಎಂಬಂತೆ. ಕೊಪ್ಪಳದವರದ್ದು ಓದಿದಾಗ ಅವರಂದದ್ದು: "ಮಗಳು ಅಂದ ಮ್ಯಾಲ ಬರದುಕೊಳ್ಳಾಕ ಏನಿತ್ತವರಿಗೆ?"

ನಾನು ಈ ಚರ್ಚೆ ತೆರೆದಾಗ ಅತ್ತೆ, ಸೊಸೆ, ಎರಡು ಸಾವಿರ ಇಷ್ಟೇ ನನ್ನ ತಲೆಯಲ್ಲಿತ್ತು. ಈಗ ಅನ್ನಿಸುವುದು, ಸಚಿವರು ಒಂದು ಕೈಯಿಂದ ರೇಷನ್ ಕಾರ್ಡಿನ ಕುಟುಂಬವನ್ನೇ ಗಟ್ಟಿ ಮಾಡಿದ್ದಾರೆ, ಇನ್ನೊಂದು ಕೈಯಿಂದ ತಂದೆಯ ಹೆಸರಿಲ್ಲದ ಕುಟುಂಬವನ್ನೂ ಕುಟುಂಬ ಎಂದು ಒಪ್ಪಿದ್ದಾರೆ. ಎರಡನೆಯ ಕೈಯ ಕೆಲಸ ಮೊದಲನೆಯದಕ್ಕೂ ತಲುಪಬೇಕು. ಒಂಟಿಯಾಗಿ ಮನೆ ನಡೆಸುವವಳು ತಾನೇ ಯಜಮಾನಿ ಎಂದು ಸ್ವಯಂ ಘೋಷಣೆ ಕೊಟ್ಟರೆ ಸಾಕೆನ್ನಬೇಕು, ಗಂಡನ ಮನೆಯ ಕಾರ್ಡಿನ ಹಂಗು ತಪ್ಪಬೇಕು. ಇದೊಂದನ್ನು ಪತ್ರ ಮಾಡಿ ಇಲಾಖೆಗೆ ಕಳಿಸುತ್ತೇನೆ. ಶಿವಮೊಗ್ಗದವರು ಒಪ್ಪಿದರೆ ಹೆಸರಿಲ್ಲದೆ ಅವರ ವಿವರ ಸೇರಿಸುತ್ತೇನೆ.

ತುಂಗೆಯ ಈಚೆ (ಶಿವಮೊಗ್ಗ)

ಸೇರಿಸಿ. ಏಳು ವರ್ಷ ಎಂಬುದನ್ನು ಬಿಡಬೇಡಿ.

ಒಂಬತ್ತನೇ ಕ್ಲಾಸಿನ ಬೆಂಚು (ಬಾಗಲಕೋಟೆ ಜಿಲ್ಲೆ, ಈಗ ಪುಣೆ)

ಕಲಬುರಗಿ ಮೇಡಂ, ಒಂದು ಕೇಳುವುದಿತ್ತು. ತಂಗಿಯ ಮಗಳನ್ನು ಬರುವ ಜೂನ್‌ಗೆ ಒಂದನೇ ತರಗತಿಗೆ ಹಚ್ಚಬೇಕು. ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಮತ್ತೆ ತಂದೆಯ ಹೆಸರು ಕೇಳಿದರೆ ಏನು ಮಾಡಬೇಕು?

ಕರಿಕೋಟು (ಕಲಬುರಗಿ, ವಕೀಲೆ)

ಆ ಸಾಲಿನಲ್ಲಿ ತಾಯಿಯ ಹೆಸರನ್ನೇ ಬರೆದು ಅರ್ಜಿ ಕೊಡಿ, ಮಾವನ ಹೆಸರು ಹಾಕಬೇಡಿ. ತಾಯಿಯ ಜಾತಿ ದಾಖಲೆ, ಅಜ್ಜಿಯದ್ದು ಇದ್ದರೆ ಅದೂ, ಸಮೀಕ್ಷೆಯಲ್ಲಿ ಹೆಸರಿದ್ದರೆ ಅದರ ಪ್ರತಿ ಜೊತೆಗಿಡಿ. ಸಕಾಲ ಸಂಖ್ಯೆಯ ಸ್ವೀಕೃತಿ ತೆಗೆದುಕೊಳ್ಳದೆ ಕೌಂಟರ್ ಬಿಡಬೇಡಿ. ತಿರಸ್ಕರಿಸಿದರೆ ಬಾಯಿಮಾತು ಒಪ್ಪಬೇಡಿ, ಲಿಖಿತ ಹಿಂಬರಹ ಕೇಳಿ. ಹಿಂಬರಹ ಕೈಗೆ ಬಂದ ದಿನ ನನಗೆ ಬರೆಯಿರಿ, ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ.

ಒಂಬತ್ತನೇ ಕ್ಲಾಸಿನ ಬೆಂಚು (ಬಾಗಲಕೋಟೆ ಜಿಲ್ಲೆ, ಈಗ ಪುಣೆ)

ಸೋಮವಾರ ರಜೆ ಹಾಕಿದ್ದೇನೆ. ಅವ್ವನೂ ಬರ್ತೀನಿ ಅಂದಾಳ.